ಬೆಡಗು ಬೇರೆ, ರಕ್ತ ಒಂದೇ: ಮನೆತನದಲ್ಲಿ ಇಳಿದು ಬರುವ ಪಾರ್ಶ್ವವಾಯುವನ್ನು ಕುರಿತು

ಕಳೆದ ಕಾರ್ತಿಕ ಮಾಸದಲ್ಲಿ ಮಳವಳ್ಳಿ ತಾಲ್ಲೂಕಿನ ಹಿರಿಯರೊಬ್ಬರು ಶ್ರೀಮಠದ ಕಚೇರಿಗೆ ಬಂದಿದ್ದರು. ಮಠದಲ್ಲಿ ನಡೆಯುವ ಸಾಮೂಹಿಕ ವಿವಾಹಕ್ಕೆ ತಮ್ಮ ಕಿರಿಯ ಮಗನ ಹೆಸರನ್ನು ನೋಂದಾಯಿಸಬೇಕೆಂಬುದು ಅವರ ಅಪೇಕ್ಷೆಯಾಗಿತ್ತು. ವಧು ಬೇರೆ ಯಾರೂ ಅಲ್ಲ, ಅವರ ಹಿರಿಯ ಮಗಳ ಮಗಳೇ. ಅರ್ಜಿಯಲ್ಲಿ ವಯಸ್ಸು, ವಿದ್ಯೆ, ಉದ್ಯೋಗ, ಬೆಡಗು ಎಲ್ಲವನ್ನೂ ಒಪ್ಪವಾಗಿ ತುಂಬಿಸಿಕೊಂಡು ಬಂದಿದ್ದರು. ವರನ ಬೆಡಗು ಒಂದು, ವಧುವಿನ ಬೆಡಗು ಮತ್ತೊಂದು. ನಮ್ಮ ಪದ್ಧತಿಯಂತೆ ನೋಡಿದರೆ ಆಕ್ಷೇಪಣೆಗೆ ಎಡೆಯೇ ಇರಲಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯೂ ರೂಢಿಯಿರುವ ಕಡೆ ಇಂತಹ ಸಂಬಂಧಕ್ಕೆ ಅವಕಾಶ ನೀಡಿದೆ.

ಕುಶಲೋಪರಿಯ ಮಾತಿನ ನಡುವೆ ನಾನು ಅವರ ಹಿರಿಯ ಮಗನ ವಿಚಾರ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನು ಹೋಗಿ ಎರಡು ವರ್ಷ ಆಯ್ತು ಮೇಷ್ಟ್ರೇ. ಲಕ್ವ ಹೊಡೆದಾಗ ಇನ್ನೂ ಮೂವತ್ತಾರು. ಬೀಡಿ ಸೇದಿದವನಲ್ಲ, ಕುಡಿದವನಲ್ಲ, ಬಿ.ಪಿ., ಶುಗರ್ ಒಂದೂ ಇರಲಿಲ್ಲ" ಎಂದರು. ಮಾತು ಮುಂದುವರಿದಂತೆ ಇನ್ನೊಂದು ಸಂಗತಿ ಹೊರಬಿತ್ತು. ಅವರ ಭಾಮೈದನಿಗೂ ನಲವತ್ತರೊಳಗೇ ಹೀಗೆಯೇ ಆಗಿತ್ತು. ಇಬ್ಬರಿಗೂ ಇಪ್ಪತ್ತು ದಾಟುವುದರೊಳಗೆ ತಲೆಗೂದಲು ಉದುರಿತ್ತು. ಇಬ್ಬರೂ ವರ್ಷಗಟ್ಟಲೆ ಸೊಂಟ ಹಿಡಿದುಕೊಂಡು ನಡೆಯುತ್ತಿದ್ದರು. ಹಿರಿಯರು ಮದುವೆಯಾಗಿದ್ದುದು ತಮ್ಮ ಸ್ವಂತ ಅಕ್ಕನ ಮಗಳನ್ನು. ಆ ಅಕ್ಕನನ್ನು ಕೊಟ್ಟಿದ್ದುದೂ ಸೋದರಮಾವನಿಗೇ.

"ಆಸ್ಪತ್ರೆಯಲ್ಲಿ ಇದನ್ನೆಲ್ಲ ಹೇಳಿದಿರಾ?" ಎಂದು ಕೇಳಿದೆ.

"ಮನೇಲಿ ಬೇರೆ ಯಾರಿಗಾದರೂ ಹೀಗಾಗಿತ್ತಾ ಅಂತ ಡಾಕ್ಟ್ರು ಎರಡು ಸಲ ಕೇಳಿದ್ರು. ಇಲ್ಲ ಅಂದ್ವಿ. ಕಿರಿ ಮಗಳಿಗೆ ಗಂಡು ನೋಡ್ತಾ ಇದ್ದ ಕಾಲ, ಏನಂತ ಹೇಳೋದು?"

ಅವರ ಮಗನಿಗೆ ಬಂದದ್ದು ಇಂಥದೇ ರೋಗವೆಂದು ನಾನು ಹೇಳಲಾರೆ, ಅದು ವೈದ್ಯರ ಕೆಲಸ. ಆದರೆ ಅವರು ವಿವರಿಸಿದ ಲಕ್ಷಣಗಳನ್ನು ಹಿಡಿದು ಹೊರಟಾಗ, ಮಿದುಳಿನ ಅತಿ ಸಣ್ಣ ರಕ್ತನಾಳಗಳನ್ನು ಕೆಡಿಸಿ ಪಾರ್ಶ್ವವಾಯು ತರುವ, ತಂದೆತಾಯಿಗಳಿಂದ ಮಕ್ಕಳಿಗೆ ಇಳಿದು ಬರುವ ಕೆಲವು ರೋಗಗಳ ಬಗ್ಗೆ ಅರ್ಧ ಶತಮಾನದಷ್ಟು ಕಾಲ ನಡೆದಿರುವ ಸಂಶೋಧನೆ ನನ್ನ ಕಣ್ಣಿಗೆ ಬಿತ್ತು. ಅದರಲ್ಲೊಂದು ಭಾಗ ನಡೆದಿರುವುದು ನಮ್ಮ ಬೆಂಗಳೂರಿನಲ್ಲಿಯೇ. ಹಿರಿಯರ ಒಪ್ಪಿಗೆ ಪಡೆದು, ಊರು ಹೆಸರುಗಳನ್ನು ಬಿಟ್ಟು, ಸದ್ಭಕ್ತರ ತಿಳಿವಳಿಕೆಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. ನಮ್ಮ ಜಿಲ್ಲೆಯಲ್ಲಿ ಲಕ್ವ ಹೊಡೆದು ಮಲಗಿರುವ ಬಹುಪಾಲು ಮಂದಿಗೆ ಕಾರಣವಾಗಿರುವುದು ಏರಿದ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಗೆಸೊಪ್ಪು ಮತ್ತು ಹೃದಯದ ತೊಂದರೆಗಳು. ಅವು ವಂಶದ ಶಾಪವಲ್ಲ, ಮಾತ್ರೆ ಮತ್ತು ಪಥ್ಯಗಳಿಂದ ಹಿಡಿತಕ್ಕೆ ಬರುವಂಥವು. ಇಲ್ಲಿ ಹೇಳಹೊರಟಿರುವ ರೋಗಗಳು ಅಪರೂಪದವು. ಬೋಳುತಲೆ ಮತ್ತು ಸೊಂಟನೋವು ಇದ್ದವರೆಲ್ಲ ಇದನ್ನೋದಿ ಗಾಬರಿಯಾಗುವುದಾದರೆ ಮೊದಲು ಗಾಬರಿಯಾಗಬೇಕಾದವನು ನಾನೇ.

ಈ ರೋಗದ ಬಗೆಯನ್ನು ಮಂಡ್ಯ ಸೀಮೆಯವರಿಗೆ ವಿವರಿಸುವುದು ಕಷ್ಟವಲ್ಲ. ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿದ್ದರೂ, ಮದ್ದೂರು ಮಳವಳ್ಳಿ ಕಡೆಯ ಕೊನೆಯ ಭಾಗದ ಗದ್ದೆಗಳು ಒಣಗಿ ನಿಲ್ಲುವುದನ್ನು ನಾವು ಎಷ್ಟು ಬೇಸಿಗೆಗಳಲ್ಲಿ ಕಂಡಿಲ್ಲ! ದೊಡ್ಡ ನಾಲೆ ಸರಿಯಾಗಿದೆ, ತೂಬೂ ಸರಿಯಾಗಿದೆ, ಕೆಟ್ಟಿರುವುದು ಕೊನೆಯ ಕಿರುಗಾಲುವೆ. ಮಿದುಳಿನಲ್ಲಿಯೂ ಹೀಗೆಯೇ. ಕುತ್ತಿಗೆಯ ಮೂಲಕ ಏರುವ ದೊಡ್ಡ ರಕ್ತನಾಳಗಳು ಕವಲೊಡೆಯುತ್ತ, ಕೂದಲೆಳೆಯಷ್ಟು ತೆಳುವಾಗಿ ಮಿದುಳಿನ ಒಳಪದರಕ್ಕೆ ಇಳಿಯುತ್ತವೆ. ಅಲ್ಲಿರುವ ಬಿಳಿಯ ಭಾಗವೆಂದರೆ ನರತಂತುಗಳ ಕಟ್ಟುಗಳು. ಮಿದುಳಿನ ಒಂದು ಭಾಗದ ಸಂದೇಶವನ್ನು ಇನ್ನೊಂದಕ್ಕೆ ಮುಟ್ಟಿಸುವ ದಾರಿಗಳು. ಆ ಪ್ರದೇಶಕ್ಕೆ ನೀರುಣಿಸುವ ಕಿರುನಾಳಗಳಿಗೆ ಪಕ್ಕದ ಕಾಲುವೆಯ ಆಸರೆ ಇಲ್ಲವೆನ್ನುವಷ್ಟು ಕಡಿಮೆ. ಒಂದು ಮುಚ್ಚಿಕೊಂಡರೆ ಅದರ ತುದಿಯಲ್ಲಿರುವ ಸಾಸಿವೆಯಷ್ಟೋ ಅವರೆಕಾಳಿನಷ್ಟೋ ಜಾಗ ಸಾಯುತ್ತದೆ. ಒಂದು ಸತ್ತರೆ ಕೆಲವೊಮ್ಮೆ ತಿಳಿಯುವುದೇ ಇಲ್ಲ. ಹತ್ತು ಸತ್ತಾಗ ನಡಿಗೆ ತೊಡರುತ್ತದೆ, ಮಾತು ನಿಧಾನವಾಗುತ್ತದೆ, ಲೆಕ್ಕ ತಪ್ಪುತ್ತದೆ, ಮುಂಗೋಪವೋ ಮಂಕೋ ಆವರಿಸುತ್ತದೆ. ಮನೆಯವರು ಇದನ್ನು ಸ್ವಭಾವ ಬದಲಾಯಿತೆಂದು ತಿಳಿಯುತ್ತಾರೆ.

ವಯಸ್ಸಾದವರಲ್ಲಿ ರಕ್ತದೊತ್ತಡದಿಂದ ಕಿರುನಾಳಗಳು ಹೀಗೆ ಕೆಡುವುದುಂಟು. ರಕ್ತದೊತ್ತಡವೇ ಇಲ್ಲದ ಯುವಕರಲ್ಲಿ ಕೆಟ್ಟರೆ? ಈ ಪ್ರಶ್ನೆ ಎರಡು ಬೇರೆ ಬೇರೆ ದೇಶಗಳಲ್ಲಿ 1976ರಲ್ಲಿಯೇ ಎದ್ದಿತೆಂಬುದು ಒಂದು ಸೋಜಿಗ.

ಆ ವರ್ಷ ಪ್ಯಾರಿಸ್ಸಿನಲ್ಲಿ ಮರಿ ಜರ್ಮೇನ್ ಬೂಸೆರ್ ಎಂಬ ನರವೈದ್ಯೆ ಒಬ್ಬ ರೋಗಿಯನ್ನು ಕಂಡರು. ಪಾರ್ಶ್ವವಾಯುವಾಗಿತ್ತು, ಮಿದುಳಿನ ಚಿತ್ರದಲ್ಲಿ ಬಿಳಿಯ ಭಾಗವೆಲ್ಲ ಹಾಳಾದಂತೆ ಕಾಣುತ್ತಿತ್ತು, ಆದರೆ ರಕ್ತದೊತ್ತಡವಿರಲಿಲ್ಲ. ಅಂದಿನ ತಿಳಿವಳಿಕೆಯಲ್ಲಿದ್ದ ಒಂದು ಹಳೆಯ ಹೆಸರನ್ನು ಕೊಟ್ಟು ಆ ಕಡತವನ್ನು ಮುಚ್ಚಬಹುದಾಗಿತ್ತು. ಸುಮಾರು ಒಂದು ದಶಕದ ತರುವಾಯ ಅದೇ ಕುಟುಂಬದ ಮುಂದಿನ ತಲೆಮಾರು ಅದೇ ಬಗೆಯ ತೊಂದರೆಯೊಡನೆ ಬಂದಾಗ ಆಕೆಗೆ ಹಳೆಯ ರೋಗಿಯ ನೆನಪಾಯಿತು. ಅಲ್ಲಿಂದ ಆಕೆ ಮತ್ತು ಎಲಿಜಬೆತ್ ತೂರ್ನಿಯೆ ಲಾಸೆರ್ವ್ ಎಂಬ ತಳಿವಿಜ್ಞಾನಿ ಕೂಡಿ ಆ ಮನೆತನದ ಬಂಧುಗಳನ್ನೆಲ್ಲ ಹುಡುಕಿ, ಮಾತಾಡಿಸಿ, ರೋಗ ಇದ್ದವರನ್ನೂ ಇಲ್ಲದವರನ್ನೂ ಪರೀಕ್ಷಿಸಿದರು. ಸಂಬಂಧವಿಲ್ಲದ ಇನ್ನೊಂದು ಕುಟುಂಬವೂ ಸಿಕ್ಕಿತು. 1993ರಲ್ಲಿ ಈ ದೋಷ ಇರುವುದು ಹತ್ತೊಂಬತ್ತನೆಯ ವರ್ಣತಂತುವಿನಲ್ಲೆಂದು ಗೊತ್ತಾಯಿತು. ರೋಗಕ್ಕೆ 'ಕೆಡಾಸಿಲ್' ಎಂಬ ಹೆಸರು ಬಂದದ್ದೂ ಆಗಲೇ. 1996ರಲ್ಲಿ ಆನ್ ಜುಟೆಲ್ ಮೊದಲಾದವರು 'ನಾಚ್-3' ಎಂಬ ವಂಶವಾಹಿಯೇ ಮೂಲವೆಂದು ತೋರಿಸಿದರು. ಮೊದಲ ರೋಗಿಯಿಂದ ಇಲ್ಲಿಗೆ ಇಪ್ಪತ್ತು ವರ್ಷ. ಈ ಇಬ್ಬರು ಮಹಿಳೆಯರೊಂದಿಗೆ ಜುಟೆಲ್ ಮತ್ತು ಊಗ್ ಶಾಬ್ರಿಯಾ ಅವರಿಗೂ ಸೇರಿ 2019ರಲ್ಲಿ 'ಬ್ರೈನ್ ಪ್ರೈಜ್' ಎಂಬ ಉನ್ನತ ಗೌರವ ಸಂದಿತು.

ಅದೇ 1976ರಲ್ಲಿ ಜಪಾನಿನಲ್ಲಿ ಮಾಯೆದ ಮತ್ತು ಸಂಗಡಿಗರು ರಕ್ತದೊತ್ತಡವಿಲ್ಲದೆ ಮಿದುಳು ಕೆಟ್ಟಿದ್ದ ಒಂದು ಕುಟುಂಬದ ವರದಿಯನ್ನು ಪ್ರಕಟಿಸಿದರು. ಜಪಾನಿನ ಈ ರೋಗ ಫ್ರಾನ್ಸಿನ ರೋಗದಂತೆ ಕಂಡರೂ ಅದೇ ಅಲ್ಲ. ಇಲ್ಲಿನ ರೋಗಿಗಳಿಗೆ ಹರೆಯದಲ್ಲಿಯೇ ಕೂದಲು ಉದುರುತ್ತಿತ್ತು. ಬೆನ್ನುಮೂಳೆ ಸವೆದು ಸೊಂಟನೋವು ಬರುತ್ತಿತ್ತು. ಮೂವತ್ತರ ಆಸುಪಾಸಿಗೆ ನಡಿಗೆ ಕೆಡುತ್ತಿತ್ತು ಅಥವಾ ಪಾರ್ಶ್ವವಾಯು ಎರಗುತ್ತಿತ್ತು. ಇನ್ನೂ ಮುಖ್ಯವಾದ ಭೇದವೆಂದರೆ, ತಂದೆತಾಯಿಗಳು ಆರೋಗ್ಯವಾಗಿದ್ದು, ಅವರಲ್ಲಿ ಅನೇಕರು ಒಬ್ಬರಿಗೊಬ್ಬರು ರಕ್ತಸಂಬಂಧಿಗಳಾಗಿರುತ್ತಿದ್ದರು. ಇದಕ್ಕೆ 'ಕ್ಯಾರಾಸಿಲ್' ಎಂದು ಹೆಸರಾಯಿತು. ನೀಗಾಟ ವಿಶ್ವವಿದ್ಯಾಲಯದ ಒನೊಡೆರ ಅವರ ತಂಡ ಐದು ಕುಟುಂಬಗಳನ್ನು ಅಭ್ಯಸಿಸಿ, 2009ರಲ್ಲಿ ಹತ್ತನೆಯ ವರ್ಣತಂತುವಿನಲ್ಲಿರುವ 'ಎಚ್‌ಟಿಆರ್‌ಎ-1' ಎಂಬ ವಂಶವಾಹಿಯ ದೋಷವೇ ಕಾರಣವೆಂದು ಕಂಡುಹಿಡಿಯಿತು. ಅಲ್ಲಿಗೆ ಮೂವತ್ತಮೂರು ವರ್ಷ.

ಈ ವಂಶವಾಹಿ ನಮ್ಮ ದೇಹಕ್ಕೆ ಒಂದು ಕಿಣ್ವವನ್ನು ತಯಾರಿಸಲು ಹೇಳಿಕೊಡುತ್ತದೆ. ಅಂಗಾಂಶ ಬೆಳೆಯಲು, ಗಾಯ ಮಾಯಲು ದೇಹ ಹೊರಡಿಸುವ ಒಂದು ಸಂಕೇತವುಂಟು. ಅದು ಅತಿಯಾಗದಂತೆ ತಡೆಯುವುದು ಈ ಕಿಣ್ವದ ಕೆಲಸಗಳಲ್ಲೊಂದು. ಕಿಣ್ವ ಇಲ್ಲವಾದರೆ ಸಂಕೇತ ಮಿತಿಮೀರುತ್ತದೆ, ಕಿರುನಾಳದ ಗೋಡೆ ನಾರುಕಟ್ಟಿ ದಪ್ಪವಾಗುತ್ತದೆ, ಒಳಗಿನ ಸ್ನಾಯು ಕರಗುತ್ತದೆ. ರಕ್ತದ ಅಗತ್ಯಕ್ಕೆ ತಕ್ಕಂತೆ ಹಿಗ್ಗಿ ಕುಗ್ಗಬೇಕಾದ ನಾಳ ಸೆಟೆದ ಕೊಳವೆಯಾಗಿ ನಿಲ್ಲುತ್ತದೆ.

ಈಗ ನಮ್ಮ ರಾಜ್ಯಕ್ಕೆ ಬರೋಣ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಎ. ನಳಿನಿ ಮತ್ತು ಅವರ ಸಹೋದ್ಯೋಗಿಗಳು ನೀಗಾಟದ ವಿಜ್ಞಾನಿಗಳೊಡನೆ ಕೈಜೋಡಿಸಿ, ಭಾರತದ ಕ್ಯಾರಾಸಿಲ್ ಕುಟುಂಬಗಳನ್ನು ಕುರಿತ ವರದಿಯನ್ನು 2017ರಲ್ಲಿ 'ನ್ಯೂರಾಲಜಿ' ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಕುಟುಂಬಗಳಲ್ಲಿ ಕಂಡದ್ದು ಅದುವರೆಗೆ ಜಗತ್ತಿನಲ್ಲಿ ಎಲ್ಲಿಯೂ ವರದಿಯಾಗಿರದ ಮೂರು ಹೊಸ ದೋಷಗಳು. ಮೂರೂ ವಂಶವಾಹಿಯನ್ನು ಪೂರ್ತಿಯಾಗಿ ನಿಷ್ಕ್ರಿಯಗೊಳಿಸುವಂಥವು. ಜಪಾನಿನ ರೋಗವೆಂದು ಪುಸ್ತಕದಲ್ಲಿ ಓದಿ ಮರೆಯಬಹುದಾಗಿದ್ದ ಕಾಯಿಲೆ ನಮ್ಮ ನಡುವೆಯೂ ಇದೆಯೆಂದು ಇದರಿಂದ ಗೊತ್ತಾಯಿತು. ಮಂಡ್ಯದಿಂದ ನೂರು ಕಿಲೋಮೀಟರಿನ ಆಚೀಚೆ ಇರುವ ಆಸ್ಪತ್ರೆಯಲ್ಲಿ ಈ ರೋಗವನ್ನು ಗುರುತಿಸಬಲ್ಲ ವೈದ್ಯರಿದ್ದಾರೆಂಬುದು ಸಣ್ಣ ಮಾತಲ್ಲ.

ಇನ್ನು ಈ ಎರಡು ರೋಗಗಳು ಮನೆತನದಲ್ಲಿ ಇಳಿದು ಬರುವ ರೀತಿ. ನಾನು ಈ ಲೇಖನ ಬರೆಯಲು ಕಾರಣವಾದ ಸಂಗತಿ ಇರುವುದು ಇಲ್ಲಿಯೇ. ಓದುಗರು ದಯಮಾಡಿ ನಿಧಾನವಾಗಿ ಗಮನಿಸಬೇಕು.

ಪ್ರತಿಯೊಬ್ಬರಲ್ಲಿಯೂ ಪ್ರತಿ ವಂಶವಾಹಿಯ ಎರಡು ಪ್ರತಿಗಳಿರುತ್ತವೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಕೆಡಾಸಿಲ್‌ನಲ್ಲಿ ಒಂದು ಪ್ರತಿ ಕೆಟ್ಟಿದ್ದರೂ ಸಾಕು, ರೋಗ ಬರುತ್ತದೆ. ಆದ್ದರಿಂದ ಅದು ತಲೆಮಾರಿನಿಂದ ತಲೆಮಾರಿಗೆ ನೇರವಾಗಿ ಕಾಣುತ್ತದೆ. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಹಲವರಿಗೆ ಮೂವತ್ತರ ಹೊತ್ತಿಗೆ ಕಣ್ಣಮುಂದೆ ಮಿಂಚು ಬಂದಂತಾಗಿ ಅರೆತಲೆಶೂಲೆ, ನಲವತ್ತೈದು ಐವತ್ತರ ಹೊತ್ತಿಗೆ ಪಾರ್ಶ್ವವಾಯು, ಅನಂತರ ಮರೆವು. ಇದಕ್ಕೂ ರಕ್ತಸಂಬಂಧದ ಮದುವೆಗೂ ನಂಟಿಲ್ಲ. ಹೊರಗಿನಿಂದ ಹೆಣ್ಣು ತಂದರೂ ಇದು ಬರುತ್ತದೆ.

ಕ್ಯಾರಾಸಿಲ್‌ನಲ್ಲಿ ಎರಡೂ ಪ್ರತಿಗಳು ಕೆಡಬೇಕು. ಒಂದು ಮಾತ್ರ ಕೆಟ್ಟವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇದ್ದು, ತಮಗೆ ತಿಳಿಯದಂತೆ ದೋಷವನ್ನು ಮುಂದಕ್ಕೆ ಸಾಗಿಸುತ್ತಾರೆ. (ಒಂದೇ ಪ್ರತಿ ಕೆಟ್ಟವರಲ್ಲಿಯೂ ಕೆಲವರಿಗೆ ಇಳಿವಯಸ್ಸಿನಲ್ಲಿ ಸೌಮ್ಯ ರೂಪದಲ್ಲಿ ಕಾಣಿಸಿಕೊಳ್ಳಬಹುದೆಂದು 2015ರ ಸಂಶೋಧನೆ ತೋರಿಸಿದೆ, ಆದ್ದರಿಂದ ನಿಯಮಕ್ಕೆ ಅಪವಾದವಿದೆ.) ಅಂತಹ ಇಬ್ಬರು ಕೂಡಿದಾಗ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ರೋಗದ ಸಾಧ್ಯತೆ. ಇಷ್ಟು ಅಪರೂಪದ ದೋಷವಿರುವ ಇಬ್ಬರು ಎಲ್ಲಿಂದಲೋ ಬಂದು ಕೂಡುವುದು ಬಹಳ ದುರ್ಲಭ. ಒಂದೇ ಅಜ್ಜಿಯ ಸಂತಾನವಾದರೆ ದುರ್ಲಭವಲ್ಲ.

ಒಂದು ಲೆಕ್ಕ ಮಾಡೋಣ. ಅಜ್ಜಿಯೊಬ್ಬಳಲ್ಲಿ ಒಂದು ಪ್ರತಿ ಕೆಟ್ಟಿದೆಯೆಂದು ಇಟ್ಟುಕೊಳ್ಳಿ. ಅದು ಅವಳ ಮಗನಿಗೆ ಬಂದಿರುವ ಸಾಧ್ಯತೆ ಎರಡರಲ್ಲೊಂದು, ಮಗಳಿಗೂ ಅಷ್ಟೇ, ಆ ಮಗಳ ಮಗಳಿಗೆ ನಾಲ್ಕರಲ್ಲೊಂದು. ಮಗ ಅಕ್ಕನ ಮಗಳನ್ನು ಮದುವೆಯಾದರೆ ಇಬ್ಬರಲ್ಲಿಯೂ ದೋಷವಿರುವ ಸಾಧ್ಯತೆ ಎಂಟರಲ್ಲೊಂದು, ಹುಟ್ಟುವ ಮಗುವಿಗೆ ರೋಗ ಬರುವ ಸಾಧ್ಯತೆ ಮೂವತ್ತೆರಡರಲ್ಲೊಂದು. ಸೋದರಮಾವನ ಮಗಳು, ಸೋದರತ್ತೆಯ ಮಗ ಮದುವೆಯಾದರೆ ಅರವತ್ನಾಲ್ಕರಲ್ಲೊಂದು. ಮನೆಯಲ್ಲಿ ಆಗಲೇ ಒಬ್ಬ ಮಗ ಈ ರೋಗಕ್ಕೆ ತುತ್ತಾಗಿದ್ದಾನೆಂದು ಖಚಿತವಾದರೆ ಲೆಕ್ಕ ಬೇರೆ. ಆಗ ಆರೋಗ್ಯವಾಗಿರುವ ತಮ್ಮನಲ್ಲಿ ದೋಷವಿರುವ ಸಾಧ್ಯತೆ ಮೂರರಲ್ಲಿ ಎರಡು, ಅಕ್ಕನ ಮಗಳಲ್ಲಿ ಮೂರರಲ್ಲಿ ಒಂದು, ಅವರ ಮಗುವಿಗೆ ರೋಗದ ಸಾಧ್ಯತೆ ಹದಿನೆಂಟರಲ್ಲೊಂದು.

ನಾವು ಸಂಬಂಧ ಕುದುರಿಸುವಾಗ ನೋಡುವುದು ಏನನ್ನು? ಬೆಡಗನ್ನು. ಒಂದೇ ಬೆಡಗಿನವರು ಅಣ್ಣತಂಗಿಯರೆಂದು ಬಿಡುತ್ತೇವೆ. ಅದರಲ್ಲಿ ಹಿರಿಯರ ವಿವೇಕವಿದೆ. ಆದರೆ ಬೆಡಗು ತಂದೆಯ ಕಡೆಯಿಂದ ಮಾತ್ರ ಬರುತ್ತದೆ. ಅಕ್ಕ ಮದುವೆಯಾಗಿ ಹೋದಮೇಲೆ ಅವಳ ಮಗಳು ಭಾವನ ಬೆಡಗಿನವಳು. ತಮ್ಮನಿಗೂ ಆ ಹುಡುಗಿಗೂ ಬೆಡಗು ಬೇರೆ. ಇಬ್ಬರಲ್ಲಿಯೂ ಹರಿಯುವುದು ಒಂದೇ ಅಜ್ಜಿಯ, ಒಂದೇ ಅಜ್ಜನ ರಕ್ತ. ತಲೆತಲಾಂತರದಿಂದ ನಾವು ಹಿಡಿದಿರುವ ಜರಡಿಯಲ್ಲಿ ತಾಯಿಯ ಕಡೆ ಇರುವ ಈ ದೊಡ್ಡ ತೂತು ನನ್ನಂತಹ ಕನ್ನಡ ಎಂ.ಎ. ಓದಿದವನಿಗೂ ಇಷ್ಟು ವರ್ಷ ಕಾಣದೇ ಹೋದದ್ದಕ್ಕೆ ನಾಚಿಕೆಯಾಗುತ್ತದೆ. ಎಷ್ಟೋ ಅರ್ಜಿಗಳಿಗೆ 'ಬೆಡಗು ಭಿನ್ನ, ಸರಿಯಿದೆ' ಎಂದು ಷರಾ ಬರೆದವನು ನಾನೇ.

ಇದು ನಮ್ಮ ಸಮಾಜವೊಂದರ ಮಾತಲ್ಲ. ಹಳೆ ಮೈಸೂರು ಸೀಮೆಯ ಅನೇಕ ಸಮುದಾಯಗಳಲ್ಲಿ ಅಕ್ಕನ ಮಗಳು, ಸೋದರಮಾವನ ಮಗಳು ಎಂದರೆ ಮೊದಲ ಹಕ್ಕಿನ ಸಂಬಂಧ. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ತಳಿವಿಜ್ಞಾನಿ ಎ. ಎಚ್. ಬಿಟಲ್ಸ್ ಮುಂತಾದವರು 1980ರಿಂದ 1989ರವರೆಗೆ ಬೆಂಗಳೂರು ಮತ್ತು ಮೈಸೂರಿನ ಆಸ್ಪತ್ರೆಗಳಲ್ಲಿ ಹುಟ್ಟಿದ 1,07,518 ಶಿಶುಗಳ ತಂದೆತಾಯಿಗಳ ಸಂಬಂಧವನ್ನು ದಾಖಲಿಸಿದರು. ಸುಮಾರು ಶೇಕಡ 31ರಷ್ಟು ಮದುವೆಗಳು ರಕ್ತಸಂಬಂಧದಲ್ಲಿ ಆದವು. ಅವುಗಳಲ್ಲಿ ಹೆಚ್ಚಿನವು ಸೋದರಮಾವ ಮತ್ತು ಅಕ್ಕನ ಮಗಳು ಅಥವಾ ಸೋದರಮಾವನ ಮಗಳ ಸಂಬಂಧಗಳು. ಬೆಂಗಳೂರು ಮತ್ತು ಮೈಸೂರಿನ ನಡುವೆ ಇರುವವರು ನಾವು. ನಮ್ಮ ಸ್ಥಿತಿ ಬಹಳ ಬೇರೆ ಇದ್ದೀತೆಂದು ತೋರುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ಕರ್ನಾಟಕದ ಪ್ರಮಾಣ ಶೇಕಡ 27ರಷ್ಟಿದೆ. ನೀರಾವರಿ ಜಮೀನು ಹೊರಗೆ ಹೋಗಬಾರದು, ಮಗಳು ಕಣ್ಣೆದುರಿಗೆ ಇರಬೇಕು, ವರದಕ್ಷಿಣೆಯ ಭಾರ ಬೇಡ, ಗೊತ್ತಿದ್ದ ಮನೆಯಾದರೆ ಹುಡುಗಿ ಸುಖವಾಗಿದ್ದಾಳು ಎಂಬ ಕಾರಣಗಳು ಹುರುಳಿಲ್ಲದವಲ್ಲ. ಇಂತಹ ಮದುವೆಗಳಲ್ಲಿ ಹುಟ್ಟಿದ ಮಕ್ಕಳಲ್ಲಿ ಬಹುಪಾಲು ಆರೋಗ್ಯವಂತರೇ ಎಂಬುದನ್ನೂ ಮರೆಯಬಾರದು. ನನ್ನ ತಂದೆತಾಯಿಗಳ ಸಂಬಂಧವೂ ಇದೇ.

ಹಾಗಾದರೆ ಮಾಡಬೇಕಾದುದೇನು? ವೈದ್ಯರು ಕೇಳುವುದು ಮೊದಲು ಮನೆತನದ ಚರಿತ್ರೆಯನ್ನು. ಎಂ.ಆರ್.ಐ. ಚಿತ್ರದಲ್ಲಿ ಮಿದುಳಿನ ಬಿಳಿಯ ಭಾಗ ಎಲ್ಲೆಲ್ಲಿ ಕೆಟ್ಟಿದೆಯೆಂಬುದು ಒಂದು ಸುಳಿವು. ಕೆಡಾಸಿಲ್‌ನಲ್ಲಿ ಕಪಾಲದ ಪಕ್ಕದ ಹಾಲೆಗಳ ಮುಂತುದಿ ಕೆಟ್ಟಿರುವುದು ಒಂದು ವಿಶೇಷ ಗುರುತು. ಚರ್ಮದ ಚೂರನ್ನು ತೆಗೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಮವೂ ಉಂಟು, ಏಕೆಂದರೆ ಮಿದುಳಿನ ನಾಳದಲ್ಲಿ ಕೂಡುವ ಕಣಗಳು ಚರ್ಮದ ನಾಳದಲ್ಲಿಯೂ ಕೂಡುತ್ತವೆ. ಖಚಿತಪಡಿಸುವುದು ರಕ್ತದಿಂದ ಮಾಡುವ ವಂಶವಾಹಿ ಪರೀಕ್ಷೆ. ಇವೆಲ್ಲವೂ 'ಮನೆಯಲ್ಲಿ ಬೇರೆ ಯಾರಿಗಾದರೂ ಆಗಿತ್ತೆ?' ಎಂಬ ಪ್ರಶ್ನೆಗೆ ನಿಜವಾದ ಉತ್ತರ ದೊರೆತ ಮೇಲೆ. ಪ್ಯಾರಿಸ್ಸಿನಲ್ಲಿಯೂ ನೀಗಾಟದಲ್ಲಿಯೂ ದಶಕಗಳ ಸಂಶೋಧನೆ ನಿಂತದ್ದು ಕುಟುಂಬದವರು ತಮ್ಮ ಸತ್ತವರ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಿದ್ದರ ಮೇಲೆ. ನಾವು ಲಕ್ವದಿಂದ ಹೋದವರನ್ನು 'ಎದೆನೋವು ಬಂದು ಹೋದರು' ಎನ್ನುತ್ತೇವೆ. ಮರೆವು ಬಂದವರನ್ನು ಒಳಕೋಣೆಯಲ್ಲಿ ಇರಿಸುತ್ತೇವೆ. ಹೆಣ್ಣು ನೋಡಲು ಬಂದವರ ಮುಂದೆ ಅವರ ಹೆಸರನ್ನೇ ಎತ್ತುವುದಿಲ್ಲ. ಹೀಗೆ ಮುಚ್ಚಿಟ್ಟ ಮಾತು ಕೊನೆಗೆ ನಮ್ಮದೇ ಮೊಮ್ಮಕ್ಕಳ ಮೇಲೆ ಬಂದು ಬೀಳುತ್ತದೆ.

ಸಾಗರ ತಾಲ್ಲೂಕಿನ ಹಂದಿಗೋಡಿನ ಸಂಗತಿ ಹಿರಿಯ ಓದುಗರಿಗೆ ನೆನಪಿರಬಹುದು. 1970ರ ದಶಕದಲ್ಲಿ ಅಲ್ಲಿ ಸೊಂಟ ಮತ್ತು ಮಂಡಿಯ ಕೀಲುಗಳು ಕೆಟ್ಟು ಜನ ತೆವಳುವಂತಾದಾಗ, ಗದ್ದೆಗೆ ಹೊಡೆದ ಕೀಟನಾಶಕ ಏಡಿ ಮೀನುಗಳ ಮೂಲಕ ದೇಹ ಸೇರಿತೆಂಬ ಅನುಮಾನವೇ ಮೊದಲು ಬಂದಿತು. ಅದು ವಂಶಪಾರಂಪರ್ಯದ ಮೂಳೆರೋಗವೆಂದು ತಿಳಿದದ್ದು ಮನೆಮನೆಯ ವಂಶವೃಕ್ಷವನ್ನು ಬರೆದು ನೋಡಿದ ಮೇಲೆ. ನಮ್ಮ ಕಡೆ ಲಕ್ವಕ್ಕೆ ಗಾಳಿ ಸೋಕಿತೆಂದು ಹೇಳುವವರೂ ಪಾರಿವಾಳದ ರಕ್ತ ಹಚ್ಚುವವರೂ ಇಂದಿಗೂ ಇದ್ದಾರೆ. ಪಾರಿವಾಳ ಹುಡುಕುವ ಆ ಹೊತ್ತಿನಲ್ಲಿ ಚಿಕಿತ್ಸೆಯ ಅಮೂಲ್ಯ ಸಮಯ ಕಳೆದುಹೋಗುತ್ತದೆ. ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಕಾರಣ ಯಾವುದೇ ಇರಲಿ, ಆ ಕ್ಷಣವೇ 108ಕ್ಕೆ ಕರೆ ಮಾಡಿ ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಸೇರಿಸಬೇಕು. ನಾಳ ಕಟ್ಟಿದಾಗ ಹೆಪ್ಪು ಕರಗಿಸುವ ಔಷಧ ಕೊಡಬಹುದೋ ಬಾರದೋ ಎಂಬುದನ್ನು ವೈದ್ಯರು ನಿರ್ಧರಿಸಬೇಕಾದರೆ ನಾಲ್ಕೂವರೆ ಗಂಟೆಯೊಳಗೆ ರೋಗಿ ಅವರ ಮುಂದಿರಬೇಕು.

ವಂಶದ ಈ ರೋಗಗಳನ್ನು ಗುಣಪಡಿಸುವ ಔಷಧ ಇನ್ನೂ ಇಲ್ಲ. ಮರೆವಿನ ಕಾಯಿಲೆಗೆ ಕೊಡುವ ಡೊನೆಪೆಜಿಲ್ ಎಂಬ ಮಾತ್ರೆಯನ್ನು 168 ಮಂದಿ ಕೆಡಾಸಿಲ್ ರೋಗಿಗಳಲ್ಲಿ ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ಮುಖ್ಯ ಅಳತೆಯಲ್ಲಿ ಪ್ರಯೋಜನ ಕಾಣಲಿಲ್ಲ. ಆದರೂ ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ಧೂಮಪಾನ ಮಾಡುವ ಕೆಡಾಸಿಲ್ ರೋಗಿಗಳಿಗೆ ಪಾರ್ಶ್ವವಾಯು ಇತರರಿಗಿಂತ ಬೇಗ ಬರುತ್ತದೆಂದು ತಿಳಿದಿದೆ. ರಕ್ತದೊತ್ತಡವನ್ನು ಹತೋಟಿಯಲ್ಲಿಟ್ಟರೆ ಒಳಿತೆಂದೂ ವೈದ್ಯರು ಹೇಳುತ್ತಾರೆ. ಇನ್ನೊಂದು ಸಂಗತಿಯೂ ಈಚೆಗೆ ಗೊತ್ತಾಗಿದೆ. ಜಗತ್ತಿನ ನಾನಾ ಭಾಗದ ಜನರ ವಂಶವಾಹಿ ದಾಖಲೆಗಳನ್ನು ನೆದರ್ಲೆಂಡ್ಸಿನ ಸಂಶೋಧಕರು 2016ರಲ್ಲಿ ತಾಳೆ ನೋಡಿದಾಗ, ನಾಚ್-3 ದೋಷ ಸಾವಿರಕ್ಕೆ ಮೂರಕ್ಕೂ ಹೆಚ್ಚು ಮಂದಿಯಲ್ಲಿ ಕಂಡಿತು. ಅಷ್ಟು ಮಂದಿಗೆ ರೋಗ ಬರುವುದಿಲ್ಲವಲ್ಲ! ದೋಷ ಆ ವಂಶವಾಹಿಯ ಯಾವ ಭಾಗದಲ್ಲಿದೆ ಎಂಬುದರ ಮೇಲೆ ರೋಗದ ತೀವ್ರತೆ ಬದಲಾಗುತ್ತದೆಂದೂ, ಕೆಲವರು ಇಳಿವಯಸ್ಸಿನವರೆಗೆ ಚೆನ್ನಾಗಿಯೇ ಇರುತ್ತಾರೆಂದೂ ಈಗ ತಿಳಿದಿದೆ. ಪರೀಕ್ಷೆಯಲ್ಲಿ ದೋಷ ಕಂಡಿತೆಂದರೆ ಹಣೆಬರಹ ಮುಗಿಯಿತೆಂದು ಅರ್ಥವಲ್ಲ.

ಆರೋಗ್ಯವಾಗಿರುವವರಿಗೆ ಬಲವಂತವಾಗಿ ಪರೀಕ್ಷೆ ಮಾಡಿಸುವುದೂ, ಮಕ್ಕಳಿಗೆ ಮಾಡಿಸುವುದೂ ತರವಲ್ಲ. ಮೊದಲು ತಳಿ ಸಲಹೆಗಾರರೊಡನೆ ಕುಳಿತು ಮಾತಾಡಬೇಕು. ತಿಳಿದುಕೊಳ್ಳುವ ಹಕ್ಕಿನಂತೆಯೇ ತಿಳಿಯದೆ ಇರುವ ಹಕ್ಕೂ ಮನುಷ್ಯನಿಗಿದೆ. ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಿಂದ ನಿಮ್ಹಾನ್ಸ್‌ಗೆ ಪತ್ರ ಪಡೆದು ಹೋಗಬಹುದು. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರದಲ್ಲಿಯೂ ತಳಿ ಸಲಹೆ ದೊರೆಯುತ್ತದೆ. ಹೋಗುವಾಗ ಹಳೆಯ ಸ್ಕ್ಯಾನ್ ಹಾಳೆಗಳನ್ನು ಎಸೆಯದೆ ಒಯ್ಯಬೇಕು, ತೀರಿಕೊಂಡವರದಾದರೂ ಸರಿ.

ಶ್ರೀಗಳವರ ಮುಂದೆ ಈ ವಿಚಾರವನ್ನು ನಿವೇದಿಸಿದಾಗ, ವಿವಾಹದ ಅರ್ಜಿಯಲ್ಲಿ ತಾಯಿಯ ತವರು, ತಾಯಿಯ ತಾಯಿಯ ತವರು, ವಧೂವರರ ನಡುವಿನ ರಕ್ತಸಂಬಂಧ ಇವುಗಳಿಗೆ ಸ್ಥಳ ಬಿಡುವಂತೆ ಅಪ್ಪಣೆಯಾಯಿತು. ಕಾಯಿಲೆಯ ವಿವರವನ್ನು ಅರ್ಜಿಯಲ್ಲಿ ಕೇಳುವುದಿಲ್ಲ. ಅದು ಕಚೇರಿಯ ಕಪಾಟಿನಲ್ಲಿ ಇರಬೇಕಾದ ಸಂಗತಿಯಲ್ಲ, ಎರಡು ಮನೆಯವರು ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕಾದುದು. ಹೊಸ ಅರ್ಜಿ ನಮೂನೆ ಅಚ್ಚಾಗಿ ಬಂದಿದೆ.

ಆ ಹಿರಿಯರು ಹದಿನೈದು ದಿನಗಳ ಮೇಲೆ ಮತ್ತೆ ಬಂದರು. ಮದುವೆಯ ಅರ್ಜಿಯನ್ನು ಹಿಂದಕ್ಕೆ ಪಡೆದಿಲ್ಲ, ಮುಂದುವರಿಸಿ ಎಂದೂ ಹೇಳಿಲ್ಲ. ಮಗನ ಸ್ಕ್ಯಾನ್ ಹಾಳೆಗಳನ್ನು ಅಟ್ಟದಿಂದ ಇಳಿಸಿದ್ದಾರೆ, ಕಿರಿಯ ಮಗನೇ ಬೆಂಗಳೂರಿಗೆ ಹೋಗಿ ತೋರಿಸಿ ಬರುತ್ತೇನೆಂದಿದ್ದಾನೆ, ಮೊಮ್ಮಗಳು ಬಿ.ಎಸ್ಸಿ. ಓದುವವಳು, ತಾನೂ ಜೊತೆಗೆ ಬರುತ್ತೇನೆಂದಿದ್ದಾಳೆ. ಮೊಮ್ಮಗಳ ಕೈಯಲ್ಲಿ ಬರೆಸಿದ ವಂಶವೃಕ್ಷದ ಹಾಳೆಯನ್ನು ಅವರು ನನ್ನ ಮೇಜಿನ ಮೇಲೆ ಹರಡಿದರು. ತಂದೆಯ ಕಡೆ ಆರು ತಲೆಮಾರು ತುಂಬಿತ್ತು. ತಾಯಿಯ ಕಡೆ ಎರಡರ ಮೇಲೆ ಬರೀ ಗೀಟು.

"ನಮ್ಮಜ್ಜಿ ಹೆಸರೇ ಯಾರಿಗೂ ಗೊತ್ತಿಲ್ಲ ಮೇಷ್ಟ್ರೇ, ಎಲ್ಲರೂ ಅಜ್ಜಿ ಅಂತಲೇ ಕರೀತಿದ್ವಿ" ಎಂದರು. "ಮದ್ದೂರು ಹತ್ರ ಅವಳ ತವರಲ್ಲಿ ಒಬ್ಬರು ಮುದುಕಿ ಇದ್ದಾರಂತೆ. ನಾಳಿದ್ದು ಸೋಮವಾರ ಹೋಗಿ ಕೇಳ್ಕೊಂಡು ಬರ್ತೀನಿ."